ಎರಡನೆಯ ಬೀಗದ ಕೈ

"ಮಗುವಿಗೆ ಎಷ್ಟು ವರ್ಷ ಮೇಡಂ?" ಎಂದು ಆಟಿಕೆ ಮಹಡಿಯ ಮಾರಾಟದಾಕೆ ಕೇಳಿದಳು. ಹನ್ನೆರಡು ತುಂಬುತ್ತೆ ಎಂದು ಇವಳು ಹೇಳಿದಳು. ಮಾರಾಟದಾಕೆಯ ನಗು ಮುಖದ ಮೇಲೆ ಹಾಗೇ ಇತ್ತು, ಕಣ್ಣು ಮಾತ್ರ ಬೇರೆ ಗಿರಾಕಿಯ ಕಡೆ ಹೊರಟುಹೋಗಿತ್ತು. "ಹಾಗಾದ್ರೆ ಇಲ್ಲೇನೂ ಇಲ್ಲ. ಕೆಳಗಡೆ ನೋಡಿ, ಬ್ಯಾಗು, ವಾಚು, ಆ ಥರದ್ದು." ಇಷ್ಟೇ. ಇದರಲ್ಲಿ ಅವಮಾನವಾಗುವಂಥದ್ದು ಏನಿದೆ? ಏನೂ ಇಲ್ಲ. ಆದರೂ ಅವಳ ಕಿವಿ ಬಿಸಿಯಾಯಿತು. ಪ್ರತಿ ಡಿಸೆಂಬರಿನಲ್ಲೂ ಕಣ್ಣು ಮುಚ್ಚಿಕೊಂಡು ಹತ್ತಿ ಬರುತ್ತಿದ್ದ ಮಹಡಿ ಇದು. ಅಕ್ಕನ ಮಗಳಿಗೆ ಕ್ರಿಸ್‌ಮಸ್ಸಿಗೆ ಏನು ಕೊಡಬೇಕೆಂದು ಅವಳು ಯಾರನ್ನೂ ಕೇಳಿದವಳಲ್ಲ; ಅಕ್ಕನೇ ಇವಳನ್ನು ಕೇಳುತ್ತಿದ್ದಳು. "ಅದರ ತಲೇಲಿ ಏನಿದೆ ಅಂತ ನಿನಗಲ್ವೇನೇ ಗೊತ್ತಿರೋದು" ಎಂದು ಹೆತ್ತವಳೇ ಫೋನು ಮಾಡಿದಾಗ ಆಗುತ್ತಿದ್ದ ಸುಖವನ್ನು ತಿಂಗಳುಗಟ್ಟಲೆ ಮೆಲುಕು ಹಾಕುತ್ತಿದ್ದಳು. ಈ ಸಲ ಅಕ್ಕ ಫೋನು ಮಾಡಿರಲಿಲ್ಲ. ಮಾಡಿರಲಿಲ್ಲ ಎಂದರೆ ಬೇರೆ ಯಾರನ್ನೋ ಕೇಳಿದ್ದಾಳೆ. ಯಾರನ್ನು ಎಂಬುದನ್ನು ಬಾಯಿಬಿಟ್ಟು ಹೇಳುವುದೇ ಬೇಡ.

ಬಟ್ಟೆಯ ಕರಡಿಗಳು, ರೈಲುಗಳು, ಪುಟಾಣಿ ಒಲೆ ಪಾತ್ರೆಗಳು ಎಲ್ಲ ಹೋದ ವರ್ಷ ಇದ್ದಲ್ಲೇ ಇದ್ದವು. ಒಂದು ಕರಡಿಯನ್ನು ಎತ್ತಿ, ಅಭ್ಯಾಸಬಲದಿಂದ ಅದರ ಬೆನ್ನಿನ ಹೊಲಿಗೆ ನೋಡಿದಳು. ಸಡಿಲ. ಇನ್ನೆರಡು ತಿಂಗಳಿಗೆ ಹತ್ತಿ ಹೊರಗೆ ಬರುತ್ತದೆ. ಅವಳದು ಬಟ್ಟೆ ತಿದ್ದಿಕೊಡುವ ಅಂಗಡಿ. ಹೊಸದೇನೂ ಹೊಲಿಯುವುದಿಲ್ಲ, ಇದ್ದದ್ದನ್ನು ಬಿಗಿ ಮಾಡುವುದು, ಸಡಿಲಿಸುವುದು, ಅಂಚು ಬಿಚ್ಚಿ ಉದ್ದ ಮಾಡುವುದು. ಹುಡುಗಿಯ ಶಾಲೆಯ ಸ್ಕರ್ಟಿನ ಅಂಚು ಇಳಿಸುತ್ತ ಬಂದವಳು ಅವಳೇ. ಹುಡುಗಿ ಬೆಳೆದದ್ದು ಎಲ್ಲರಿಗಿಂತ ಮೊದಲು ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಹೋದ ತಿಂಗಳು ಸ್ಕರ್ಟು ಹಿಡಿದು ಬಂದವಳನ್ನು ಹತ್ತಿರ ಕರೆದು ಸೊಂಟಕ್ಕೆ ಟೇಪು ಹಾಕಲು ಹೋದರೆ, "ಕೊಡು, ನಾನೇ ಅಳ್ಕೋತೀನಿ" ಎಂದು ಟೇಪು ಇಸಿದುಕೊಂಡು, ಬೆನ್ನು ತಿರುಗಿಸಿ, ಟೇಪಿನ ಮೇಲೆ ಉಗುರಿಟ್ಟು "ಇಷ್ಟು" ಎಂದು ತೋರಿಸಿತು ಮಹಾರಾಣಿ. ಅಳತೆ ತಪ್ಪಾಗಿತ್ತು. ತಪ್ಪು ಎಂದು ಇವಳು ಹೇಳಲಿಲ್ಲ. ಕಣ್ಣಳತೆಯಲ್ಲೇ ಸರಿಯಾಗಿ ಹೊಲಿದಳು. ಹೊಲಿಯುತ್ತ, "ಏನೇ ಸಮಾಚಾರ ಗುಬ್ಬಿ?" ಎಂದಳು. "ಗುಬ್ಬಿ ಅನ್ಬೇಡ ಚಿಕ್ಕಮ್ಮ, ಪ್ಲೀಸ್. ಯಾರಾದ್ರೂ ಕೇಳಿಸ್ಕೋತಾರೆ." ಅಂಗಡಿಯಲ್ಲಿ ಇದ್ದದ್ದು ಅವರಿಬ್ಬರೇ. "ಸರಿ ತಾಯಿ. ಏನು ಸಮಾಚಾರ?" "ಏನಿಲ್ಲ." ಮೊದಲಾದರೆ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಟೀಚರು ಸೀನಿದ್ದು, ಪಕ್ಕದ ಬೆಂಚಿನವಳು ಅತ್ತದ್ದು, ಅಮ್ಮನಿಗೆ ಹೇಳಬಾರದ್ದು, ಅಪ್ಪನಿಗೆ ಹೇಳಬಾರದ್ದು, ಎಲ್ಲವನ್ನೂ ಗುಂಡಿಗಳ ಡಬ್ಬದಲ್ಲಿ ಕೈಯಾಡಿಸುತ್ತ ಸುರಿದುಬಿಡುತ್ತಿತ್ತು. ಆ ಗುಂಡಿಗಳನ್ನು ಇತ್ತೀಚೆಗೆ ಯಾರೂ ಮುಟ್ಟಿರಲಿಲ್ಲ. ಹೊಲಿದ ಸ್ಕರ್ಟು ತೆಗೆದುಕೊಂಡು, ಥ್ಯಾಂಕ್ಸ್ ಬೇರೆ ಹೇಳಿ, ಹುಡುಗಿ ಬಾಗಿಲಾಚೆ ಓಡಿತು. ಆಚೆ ಬಸ್ಸು ನಿಂತಿತ್ತು.

ಆ ಬಸ್ಸು. ಭಾವನ ತಂಗಿ, ಹುಡುಗಿಯ ಸೋದರತ್ತೆ, ಬೇಸಿಗೆಯಲ್ಲಿ ಈ ಊರಿಗೆ ವಾಪಸು ಬಂದು ಸಿಟಿ ಬಸ್ಸು ಓಡಿಸತೊಡಗಿದ ಮೇಲೆ ಅಕ್ಕನ ಮನೆಯಲ್ಲಿ ಬೇರೆ ಮಾತೇ ಇಲ್ಲ. ಅತ್ತೆ ಹಾಗೆ ತಿರುಗಿಸಿದಳು, ಅತ್ತೆ ಹೀಗೆ ಬ್ರೇಕು ಹಾಕಿದಳು, ಅಡ್ಡ ಬಂದ ಕಾರಿನವನಿಗೆ ಅತ್ತೆ ಏನಂದಳು ಗೊತ್ತಾ. ಬಸ್ಸಿನವಳು (ಮನಸ್ಸಿನಲ್ಲಿ ಅವಳು ಆಕೆಯನ್ನು ಕರೆಯುತ್ತಿದ್ದದ್ದೇ ಹಾಗೆ) ಕತ್ತರಿಸಿದ ಕೂದಲಿನ, ದೊಡ್ಡ ದನಿಯ, ಯಾರ ಬೆನ್ನನ್ನಾದರೂ ತಟ್ಟಿ ಮಾತಾಡಿಸುವ ಹೆಂಗಸು. ಅದರಲ್ಲೇನು ಮಹಾ? ಬಸ್ಸು ಓಡಿಸುವವರು ಊರಲ್ಲಿ ನೂರಾರು ಜನ. ಆದರೆ ಶಾಲೆ ಬಿಟ್ಟ ಮೇಲೆ ಹುಡುಗಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು, ಕನ್ನಡಿಯಲ್ಲಿ ಅತ್ತೆಯ ಕಣ್ಣು ನೋಡುತ್ತ ಕೊನೇ ನಿಲ್ದಾಣದವರೆಗೂ ಹೋಗಿ ಬರುತ್ತಿದ್ದದ್ದು ಮಾತ್ರ ಅವಳ ಹೊಟ್ಟೆ ಉರಿಸುತ್ತಿತ್ತು. ಒಂದು ದಿನ ತಾನೂ ಆ ಬಸ್ಸು ಹತ್ತಿದ್ದಳು, ಏನೂ ಗೊತ್ತಿಲ್ಲದವಳಂತೆ. ಬಸ್ಸಿನವಳು ಕನ್ನಡಿಯಲ್ಲಿ ನೋಡಿ, "ಓ, ಬನ್ನಿ ಬನ್ನಿ! ಪಾಪ ನೋಡಿ, ಗೆಳತಿ ಮಾತು ಬಿಟ್ಟಾಗಿನಿಂದ ನಮ್ಮ ಮೇಡಂ ಊಟಾನೇ ಸರಿಯಾಗಿ ಮಾಡ್ತಿಲ್ಲ, ಅಲ್ವಾ?" ಎಂದಿದ್ದಳು. ಮೇಡಂ ಎಂದರೆ ಹುಡುಗಿ. ಯಾವ ಗೆಳತಿ? ಯಾವಾಗ ಮಾತು ಬಿಟ್ಟಳು? "ಹೌದು, ಗೊತ್ತು" ಎಂದುಬಿಟ್ಟಳು ಇವಳು. ಮುಂದಿನ ನಿಲ್ದಾಣದಲ್ಲೇ ಇಳಿದು, ಇಳಿಯಬೇಕಾದ ಜಾಗ ಅದಲ್ಲವಾದ್ದರಿಂದ, ಅಷ್ಟೂ ದೂರ ನಡೆದುಕೊಂಡೇ ಮನೆಗೆ ಹೋದಳು.

ಕರಡಿಯನ್ನು ವಾಪಸಿಟ್ಟು ಎಸ್ಕಲೇಟರಿನಲ್ಲಿ ಇಳಿಯತೊಡಗಿದಳು. ಅಕ್ಕನ ಮನೆಯಲ್ಲಿ ಒಂದು ಪದ್ಧತಿ ಇದೆ. ಉಡುಗೊರೆಯ ಪೊಟ್ಟಣಗಳ ಮೇಲೆ ಯಾರೂ ಹೆಸರು ಬರೆಯುವ ಹಾಗಿಲ್ಲ. ಬಿಚ್ಚಿ ನೋಡಿ, ಕೊಟ್ಟವರು ಯಾರೆಂದು ಹುಡುಗಿಯೇ ಹೇಳಬೇಕು. ಅಲ್ಲಿಯವರೆಗೆ ದೊಡ್ಡವರು ಮುಖದಲ್ಲಿ ಏನೂ ತೋರಿಸದೆ ಕಲ್ಲಾಗಿ ಕೂತಿರಬೇಕು. ಇವಳ ಪೊಟ್ಟಣವನ್ನು ಹುಡುಗಿ ಬಿಚ್ಚುವ ಮೊದಲೇ ಹೇಳಿಬಿಡುತ್ತಿತ್ತು. ಇವಳು ಕಾಗದದಲ್ಲಿ ಸುತ್ತುತ್ತಿರಲಿಲ್ಲ. ಅಂಗಡಿಯಲ್ಲಿ ಮಿಕ್ಕ ಒಳ್ಳೊಳ್ಳೆಯ ತುಂಡುಬಟ್ಟೆಯಲ್ಲಿ ಸುತ್ತಿ, ಮೇಣ ಸವರಿದ ದಾರದಿಂದ ತನ್ನದೇ ಒಂದು ಗಂಟು ಹಾಕುತ್ತಿದ್ದಳು. ಕಣ್ಣು ಮುಚ್ಚಿ ಗಂಟಿನ ಮೇಲೆ ಬೆರಳಾಡಿಸಿ "ಚಿಕ್ಕಮ್ಮ!" ಎಂದು ಕೂಗಿ ತೊಡೆಯ ಮೇಲೆ ಬಂದು ಬೀಳುತ್ತಿತ್ತು ಅದು. ಇಡೀ ವರ್ಷ ಯಾರ್ಯಾರದೋ ಪ್ಯಾಂಟಿನ ಕಾಲು ಮಡಿಚುತ್ತ ಕೂರುವ ಹೆಂಗಸಿಗೆ, ತನ್ನದು ಅನ್ನುವ ಸಂಸಾರವಿಲ್ಲದವಳಿಗೆ, ಆ ಒಂದು ಕೂಗು ಸಾಕಾಗುತ್ತಿತ್ತು. ಈ ಸಲ ಆ ಕೂಗು ಬೇರೆಯವರ ಪಾಲಾದರೆ? ಈ ಯೋಚನೆ ಬಂದದ್ದೂ, ಕೆಳಗಿನ ಮಹಡಿಯಲ್ಲಿ ಕತ್ತರಿಸಿದ ಕೂದಲಿನ ಆ ತಲೆ ಕಂಡದ್ದೂ ಒಟ್ಟಿಗೇ.

ಬಸ್ಸಿನವಳು ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದಳು. ಕೈಯಲ್ಲಿ ಒಂದು ಪೆಟ್ಟಿಗೆ. ಕಪ್ಪುಗೆಂಪು ಮರದ್ದು, ಒಂದು ಮೊಳಕ್ಕೆ ಕಡಿಮೆ, ಮುಂದೆ ಹಿತ್ತಾಳೆಯ ಪುಟ್ಟ ಬೀಗ. ಮುಚ್ಚಳ ತೆರೆದು ಮೂಸಿ ನೋಡಿದಳು, ಮುಚ್ಚಿದಳು, ಬೀಗ ಹಾಕಿದಳು, ತೆಗೆದಳು. ಇವಳು, ಅಲ್ಲಿ ನೇತಾಡುತ್ತಿದ್ದ ಕೋಟುಗಳ ಹಿಂದೆ ಸರಿದು ನಿಂತಳು. ನಲವತ್ತು ದಾಟಿದ ಹೆಂಗಸು ಕಳ್ಳಿಯ ಹಾಗೆ ಕೋಟುಗಳ ಸಂದಿಯಿಂದ ಇಣುಕಬೇಕೇ, ಥೂ, ಎನ್ನಿಸಿತು, ಆದರೂ ಇಣುಕಿದಳು. ಪೆಟ್ಟಿಗೆ ಸರಿಯಾಗಿತ್ತು. ಎಷ್ಟು ಸರಿಯಾಗಿತ್ತೆಂದರೆ ಮೈಯೆಲ್ಲ ಉರಿದುಹೋಯಿತು. ಟೇಪು ಇಸಿದುಕೊಂಡು ಬೆನ್ನು ತಿರುಗಿಸಿದವಳಿಗೆ ಬೇಕಾದದ್ದು ಇದೇ ಎಂದು, ಆ ಬೆನ್ನನ್ನು ಕಣ್ಣಾರೆ ಕಂಡ ತನಗೆ ಹೊಳೆಯಲಿಲ್ಲ. ಸ್ಟೀರಿಂಗು ತಿರುಗಿಸುವವಳಿಗೆ ಹೊಳೆಯಿತು. ಇನ್ನೂ ಚೆನ್ನಾಗಿ ನೋಡಲು ಹೋಗಿ ಭುಜ ತಗುಲಿ, ಒಂದು ಕೋಟು ಹ್ಯಾಂಗರ್ ಸಮೇತ ದಡಾರನೆ ಕೆಳಗೆ ಬಿತ್ತು.

"ಅಯ್ಯೋ, ನೀವಾ!" ಬಸ್ಸಿನವಳಿಗೆ ನಿಜವಾಗಿಯೂ ಖುಷಿಯಾಗಿತ್ತು. ಅದೇ ಇನ್ನೂ ಕಷ್ಟ. ಕೋಟನ್ನು ತಾನೇ ಎತ್ತಿ ನೇತುಹಾಕಿದಳು. "ದೇವರು ಕಳಿಸಿದ ಹಾಗೆ ಬಂದ್ರಿ ನೋಡಿ. ನನಗೆ ತಲೇನೇ ಓಡ್ತಿಲ್ಲ. ಇದು ಹೇಗಿದೆ? ಎರಡು ಕೀ ಇದೆ. ಒಂದು ಅವಳ ಹತ್ರ ಇರಲಿ, ಇನ್ನೊಂದನ್ನ ಅವಳಿಗೆ ಯಾರ ಮೇಲೆ ನಂಬಿಕೆಯೋ ಅವರಿಗೆ ಕೊಡ್ಲಿ, ಅಂದ್ಕೊಂಡೆ."

ಯಾರ ಮೇಲೆ ನಂಬಿಕೆಯೋ. ಆ ಕೀ ಯಾರ ಕೈಗೆ ಹೋಗುತ್ತದೆ ಎಂದು ಇವಳಿಗೆ ಆ ಕ್ಷಣವೇ ಕಾಣಿಸಿಬಿಟ್ಟಿತು: ಬಸ್ಸಿನ ಕೀಗೊಂಚಲಿನಲ್ಲಿ ಜೊತೆಗೆ ತೂಗಾಡುತ್ತ, ಊರೆಲ್ಲ ಸುತ್ತುತ್ತ. "ಚೆನ್ನಾಗೇನೋ ಇದೆ" ಎಂದಳು. ತನ್ನ ದನಿ ತನಗೇ ಅಪರಿಚಿತವಾಗುವಷ್ಟು ಮೃದುವಾಗಿತ್ತು. "ಆದ್ರೆ ಅವಳಿಗೆ ಯಾಕೆ ಬೀಗ? ಮುಚ್ಚಿಡೋವಂಥದ್ದು ಏನಿದೆ ಆ ಮಗು ಹತ್ರ?"

"ಹೌದಾ? ನಾನೇನೋ, ದೊಡ್ಡವಳಾಗ್ತಿದಾಳೆ ಅಂತ..."

"ಅಯ್ಯೋ, ಹೊರಗಡೆ ಹಾಗೆ ಕಾಣಿಸ್ತಾಳೆ ಅಷ್ಟೆ. ಒಳಗೆ ಇನ್ನೂ ಮಗುವೇ. ರಾತ್ರಿ ಬಟ್ಟೆ ಕರಡಿ ಇಲ್ದೆ ಮಲಗಲ್ಲ. ಹಳೇದು ಹರಿದು ಚಿಂದಿಯಾಗಿದೆ. ಮೇಲ್ಗಡೆ ಒಳ್ಳೊಳ್ಳೆ ಕರಡಿ ಬಂದಿದೆ, ಈಗ ತಾನೆ ನೋಡ್ಕೊಂಡು ಬಂದೆ." ಹಳೆಯ ಕರಡಿಯನ್ನು ಹುಡುಗಿ ತಾನೇ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿತ್ತು. ಅಕ್ಕ ಹೇಳಿದ್ದಳು.

ಬಸ್ಸಿನವಳು ಪೆಟ್ಟಿಗೆಯನ್ನು ನೋಡಿದಳು, ಇವಳನ್ನು ನೋಡಿದಳು. "ನೀವು ಹೇಳಿದ ಮೇಲೆ ಮುಗೀತು. ಅವಳನ್ನ ಎತ್ತಿ ಆಡಿಸಿದವರು ನೀವು. ನಾನು ನಿನ್ನೆ ಮೊನ್ನೆ ಬಂದವಳು, ನನಗೇನು ಗೊತ್ತು" ಎಂದು ಪೆಟ್ಟಿಗೆಯನ್ನು ಇದ್ದಲ್ಲೇ ಇಟ್ಟು, ಇವಳ ಬೆನ್ನು ತಟ್ಟಿ, ಎಸ್ಕಲೇಟರಿನಲ್ಲಿ ಎರಡೆರಡು ಮೆಟ್ಟಿಲು ಹತ್ತಿ ಮೇಲೆ ಹೋದಳು. ತಟ್ಟಿದ ಜಾಗ ತುಂಬ ಹೊತ್ತು ಹಾಗೇ ಉಳಿಯಿತು. ಕರೆಯಬಹುದಿತ್ತು. ಸುಮ್ಮನೆ ತಮಾಷೆಗೆ ಅಂದೆ ಕಣ್ರೀ, ಪೆಟ್ಟಿಗೇನೇ ತಗೊಳ್ಳಿ, ಎನ್ನಬಹುದಿತ್ತು. ಕತ್ತರಿಸಿದ ಕೂದಲಿನ ಆ ತಲೆ ಮೇಲೆ ಮರೆಯಾಗುವವರೆಗೂ ಕಾದಳು. ಆಮೇಲೆ ಪೆಟ್ಟಿಗೆಯನ್ನು ಎತ್ತಿಕೊಂಡಳು. ಮರ ಇನ್ನೂ ಬೆಚ್ಚಗಿತ್ತು, ಅಥವಾ ಹಾಗೆ ಅನ್ನಿಸಿತು. ಕೌಂಟರಿನ ಹಿಂದಿದ್ದಾತ ಬಣ್ಣದ ಕಾಗದ ಬಿಚ್ಚುತ್ತ "ಸುತ್ತಿಕೊಡ್ಲಾ?" ಎಂದಾಗ, ಬೇಡ, ನಾನೇ ಬಟ್ಟೆಯಲ್ಲಿ ಸುತ್ತುತ್ತೇನೆ ಎನ್ನಲು ಬಾಯಿ ತೆರೆದವಳು ನಿಂತಳು. ತುಂಡುಬಟ್ಟೆ, ಮೇಣದ ದಾರ. ಗುಬ್ಬಿ ಅನ್ಬೇಡ, ಪ್ಲೀಸ್. "ಸುತ್ತಿಕೊಡಿ" ಎಂದಳು. ಆತ ಎರಡು ಬೀಗದ ಕೈಗಳ ಉಂಗುರವನ್ನು ಪೆಟ್ಟಿಗೆಯೊಳಗೆ ಹಾಕುವ ಮುಂಚೆ ಅವಳ ಕೈ ಮುಂದೆ ಹೋಯಿತು. "ಒಂದು ನನ್ನ ಹತ್ರ ಇರಲಿ. ಮಕ್ಕಳು, ಎಲ್ಲಾದ್ರೂ ಕಳ್ಕೋತಾವೆ." ಆತ ಹೂಂ ಎಂದು ಒಂದನ್ನು ಬಿಡಿಸಿ ಕೊಟ್ಟ. ನಿಜ ತಾನೆ? ಮಕ್ಕಳು ಕಳೆದುಕೊಳ್ಳುವುದಿಲ್ಲವೇ? ರಸ್ತೆಯುದ್ದಕ್ಕೂ ಅವಳು ತನ್ನೊಂದಿಗೆ ತಾನೇ ಈ ವಾದ ಮಾಡಿದಳು. ಪ್ರತಿ ಸಲವೂ ಗೆದ್ದಳು. ಮನೆ ತಲುಪುವ ಹೊತ್ತಿಗೆ ಪರ್ಸಿನಲ್ಲಿ ಆ ಚೂರು ಲೋಹದ ಭಾರ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು.

ಕ್ರಿಸ್‌ಮಸ್ಸಿನ ಬೆಳಿಗ್ಗೆ ಅಕ್ಕನ ಮನೆಯ ಸೋಫಾದ ಅಂಚಿನಲ್ಲಿ ಕೂತಾಗಲೂ ಪರ್ಸು ಕಂಕುಳಲ್ಲೇ ಇತ್ತು. "ಅದನ್ನ ಆ ಕಡೆ ಇಡೇ, ಯಾರೂ ಕದಿಯಲ್ಲ" ಎಂದು ಅಕ್ಕ ರೇಗಿಸಿದಳು. ಭಾವ ಕ್ಯಾಮೆರಾ ಹಿಡಿದಿದ್ದರು. ಬಸ್ಸಿನವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಎಲ್ಲರಿಗಿಂತ ಜಾಸ್ತಿ ಮುಖ ಗಂಟಿಕ್ಕಿ, ಕಲ್ಲಾಗುವ ಪ್ರಯತ್ನದಲ್ಲಿದ್ದಳು. ಅವಳಿಗೆ ಇದು ಮೊದಲನೇ ಸಲ. ಹುಡುಗಿ ಅಪ್ಪ ಅಮ್ಮನ ಪೊಟ್ಟಣಗಳನ್ನು ಚಕಚಕ ಗುರುತಿಸಿ ಮುಗಿಸಿತು. ಉಳಿದದ್ದು ಎರಡು. ಎರಡೂ ಒಂದೇ ಅಂಗಡಿಯ ಒಂದೇ ಕಾಗದ. ಹುಡುಗಿ ಒಂದು ಗಳಿಗೆ ಸುತ್ತ ಹುಡುಕಿದ್ದನ್ನು ಇವಳು ನೋಡಿದಳು. ಬಟ್ಟೆಯ ಪೊಟ್ಟಣವನ್ನು ಹುಡುಕುತ್ತಿದೆ! ಆದರೆ ಅಷ್ಟರಲ್ಲಿ ಕಾಗದ ಹರಿದು, ಒಳಗಿನಿಂದ ಕಂದು ಕಿವಿಯೊಂದು ಹೊರಗೆ ಬಂತು. ಕರಡಿ. ಹುಡುಗಿ ಅದನ್ನು ತಿರುಗಿಸಿ ನೋಡಿತು. ಆಮೇಲೆ ಮುಖವನ್ನು ಸರಿಮಾಡಿಕೊಂಡಿತು. ಹೌದು, ಸರಿಮಾಡಿಕೊಂಡಿತು, ಕಾಲರು ಸರಿಮಾಡಿಕೊಳ್ಳುವ ಹಾಗೆ. "ಚಿಕ್ಕಮ್ಮ ಅಲ್ವಾ? ತುಂಬಾ ಚೆನ್ನಾಗಿದೆ" ಎಂದಿತು. ಎಷ್ಟು ಒಳ್ಳೆಯ ದನಿ. ಕಾಯಿಲೆಯವರನ್ನು ನೋಡಲು ಹೋದಾಗ ದೊಡ್ಡವರು ಆಡುವ ದನಿ. ಹೋದ ವರ್ಷವೂ ಇದೇ ದನಿಯಿತ್ತೇ? ಅದರ ಹಿಂದಿನ ವರ್ಷ? ಅವಳು ಕಲ್ಲಾಗಿಯೇ ಕೂತಿದ್ದಳು, ಪದ್ಧತಿಯ ಪ್ರಕಾರ. ಹುಡುಗಿ ಎರಡನೆಯದನ್ನು ಬಿಚ್ಚಿತು. ಮರದ ಪೆಟ್ಟಿಗೆ ಕಂಡದ್ದೇ ತಡ ಉಸಿರು ಮೇಲಕ್ಕೆಳೆದುಕೊಂಡು, "ಅತ್ತೇ!" ಎಂದು ಕಿರುಚಿ, ನೆಲದ ಮೇಲೆ ಕೂತಿದ್ದವಳ ಕುತ್ತಿಗೆಗೆ ಹೋಗಿ ಬಿತ್ತು. ಅದೇ ಕೂಗು. ಇಡೀ ವರ್ಷ ಕಾದ ಕೂಗು, ತನ್ನದೇ ಉಡುಗೊರೆಗೆ, ತನ್ನ ಕಣ್ಣೆದುರಿಗೆ, ಬಸ್ಸಿನವಳ ಕುತ್ತಿಗೆಗೆ.

"ನಮ್ಮ ಚಿಕ್ಕಮ್ಮಂಗೆ ಇವಳು ಅಜ್ಜಿಯಾದ್ರೂ ಪಾಪುನೇ" ಎಂದು ಭಾವ ನಕ್ಕರು. ಅಕ್ಕನೂ ನಕ್ಕಳು. ಬಸ್ಸಿನವಳು ನಗಲಿಲ್ಲ. ಹುಡುಗಿಯ ಭುಜದ ಮೇಲಿನಿಂದ ಅವಳು ಪೆಟ್ಟಿಗೆಯನ್ನು ನೋಡುತ್ತಿದ್ದಳು. ಆಮೇಲೆ ಕಣ್ಣೆತ್ತಿ ಇವಳನ್ನು ನೋಡಿದಳು. ಬಸ್ಸಿನ ಕನ್ನಡಿಯಲ್ಲಿ ಹಿಂದಿನವರನ್ನು ನೋಡಿ ಅಭ್ಯಾಸವಾದ ಕಣ್ಣು ಅದು, ಒಂದೇ ನೋಟಕ್ಕೆ ಎಲ್ಲವನ್ನೂ ನೋಡಿತು. ಈಗ ಹೇಳುತ್ತಾಳೆ, ಎಂದುಕೊಂಡಳು ಇವಳು. ಹೇಳಿಬಿಡಲಿ. ಅಕ್ಕ, ಭಾವ, ಹುಡುಗಿ ಎಲ್ಲರೆದುರಿಗೆ ಮಾನ ಕಳೆದುಬಿಡಲಿ. ಬಸ್ಸಿನವಳು ಹುಡುಗಿಯ ಕೈಗಳನ್ನು ಮೆಲ್ಲಗೆ ಬಿಡಿಸಿದಳು. "ತಪ್ಪಾಯ್ತು ಮೇಡಂ. ಪೆಟ್ಟಿಗೆ ನಂದಲ್ಲ, ನಿಮ್ಮ ಚಿಕ್ಕಮ್ಮಂದು. ಕರಡಿ ನಂದು. ನನಗೆ ಮಕ್ಕಳ ವಿಷಯ ಏನು ಗೊತ್ತು ಹೇಳು, ದೊಡ್ಡ ಕಿವಿ ನೋಡಿ ತಗೊಂಬಿಟ್ಟೆ."

ಹುಡುಗಿಯ ಮುಖ ಕೆಂಪಾಯಿತು. ಎದ್ದು ಬಂದು ಇವಳನ್ನು ತಬ್ಬಿಕೊಂಡಿತು. ತಬ್ಬಿಕೊಂಡದ್ದು ಸರಿಯಾಗಿಯೇ ಇತ್ತು, ಯಾವ ಲೋಪವೂ ಇರಲಿಲ್ಲ. ಅದು ಎರಡನೆಯದು ಎಂಬುದೊಂದನ್ನು ಬಿಟ್ಟರೆ. ಆಮೇಲೆ ಹುಡುಗಿ ವಾಪಸು ಹೋಗಿ ಅತ್ತೆಯ ಪಕ್ಕದಲ್ಲೇ, ಮೊದಲಿಗಿಂತ ಹತ್ತಿರ, ಒತ್ತಿಕೊಂಡು ಕೂತು, ಕರಡಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಿವಿ ಸವರತೊಡಗಿತು. ಇನ್ನು ಆ ಕರಡಿ ಅಟ್ಟ ಹತ್ತುವುದಿಲ್ಲ. ಒಳ್ಳೆಯತನದಲ್ಲೂ ಗೆದ್ದಳಲ್ಲ ಈ ಹೆಂಗಸು, ಎಂದು ಅವಳು ಒಳಗೊಳಗೇ ಕುದಿದಳು; ಕುದಿಯುವುದು ನಾಚಿಕೆಗೇಡು ಎಂದು ಗೊತ್ತಿದ್ದೂ ಕುದಿದಳು.

ಹುಡುಗಿ ಪೆಟ್ಟಿಗೆಯನ್ನು ತೆರೆದು, ಒಳಗೆ ಕೈಯಾಡಿಸಿ, "ಒಂದೇ ಕೀನಾ?" ಎಂದಿತು.

ಬಸ್ಸಿನವಳು ಹರಿದ ಕಾಗದಗಳನ್ನು ಒಟ್ಟುಮಾಡುತ್ತ, ತಲೆಯೆತ್ತದೆ ಹೇಳಿದಳು: "ಅಂಗಡಿಯವರು ಇನ್ನೊಂದು ಹಾಕೋದು ಮರೆತಿರ್ತಾರೆ. ಚಿಕ್ಕಮ್ಮ ಹೋಗಿ ಕೇಳಿದ್ರೆ ಕೊಡ್ತಾರೆ."

ಬಾಗಿಲು ತೆರೆದು ಹಿಡಿದು ನಿಂತ ಹಾಗಿತ್ತು ಆ ಮಾತು. ಹೌದು, ನಾಳೆ ಕೇಳ್ತೀನಿ, ಎಂದರೆ ಮುಗಿಯಿತು. ನಾಳಿದ್ದು ಪರ್ಸಿನಿಂದ ತೆಗೆದು ಕೊಟ್ಟರೆ ಯಾರಿಗೂ ಏನೂ ಇಲ್ಲ. ಆದರೆ ಕೊಟ್ಟರೆ ಹುಡುಗಿ ಅದನ್ನು ಯಾರಿಗೆ ಕೊಡುತ್ತದೆ? ಆ ಭುಜಕ್ಕೆ ಭುಜ ಒತ್ತಿಕೊಂಡು ಕೂತದ್ದು ಕಾಣುತ್ತಿಲ್ಲವೇ? ಅವಳ ಕೈ ಪರ್ಸನ್ನು ಒತ್ತಿ ಹಿಡಿಯಿತು. "ಇಲ್ಲ" ಎಂದಳು. "ನಾನು ಕೇಳಿದೆ. ಇದಕ್ಕೆ ಒಂದೇ ಬರೋದಂತೆ."

"ಓ" ಎಂದಿತು ಹುಡುಗಿ. ಬಸ್ಸಿನವಳು ಕಾಗದದ ರಾಶಿಯನ್ನು ಎತ್ತಿಕೊಂಡು ಹೊರಗೆ ಹೋದಳು.

ಊಟವಾದ ಮೇಲೆ ಇವಳು ಅಡುಗೆಮನೆಯಲ್ಲಿ ಒಬ್ಬಳೇ ತಟ್ಟೆ ತೊಳೆಯುತ್ತಿದ್ದಳು. ಬೇಡವೆಂದರೂ ಕೇಳದೆ ಬಂದಿದ್ದಳು. ಆ ಕೋಣೆಯಲ್ಲಿ ಕೂರಲಾಗಿರಲಿಲ್ಲ. ಆಚೆಯಿಂದ ದೊಡ್ಡ ದನಿಯ ನಗು ಕೇಳಿಸುತ್ತಿತ್ತು. ಹಿಂದೆ ಯಾರೋ ನಿಂತ ಹಾಗಾಯಿತು. ಹುಡುಗಿ. ಅಂಗೈಯಲ್ಲಿ ಬೀಗದ ಕೈ. "ಚಿಕ್ಕಮ್ಮ, ಇದಕ್ಕೆ ದಾರ ಹಾಕ್ಕೊಡ್ತೀಯಾ? ಕುತ್ತಿಗೇಲಿ ಹಾಕ್ಕೋತೀನಿ. ನಿನ್ನ ಗಂಟು ಹಾಕು, ಬಿಚ್ಚಲ್ವಲ್ಲ, ಅದು." ಅವಳು ಕೈ ಒರೆಸಿಕೊಂಡಳು. ಸೆರಗಿಗೆ ಸೂಜಿದಾರ ಸಿಕ್ಕಿಸಿಕೊಂಡೇ ಇರುವವಳು. ಅದರಿಂದಲೇ ದಾರ ಬಿಡಿಸಿ, ನಾಲ್ಕೆಳೆ ಮಾಡಿ ಹೊಸೆದು, ಕೀ ಪೋಣಿಸಿ, ಹುಡುಗಿಯ ಕೂದಲನ್ನು ಪಕ್ಕಕ್ಕೆ ಸರಿಸಿ ಕತ್ತಿನ ಹಿಂದೆ ಗಂಟು ಹಾಕತೊಡಗಿದಳು. ಎಷ್ಟು ದಿನವಾಗಿತ್ತು ಈ ಕತ್ತನ್ನು ಇಷ್ಟು ಹತ್ತಿರದಿಂದ ನೋಡಿ. ಹುಡುಗಿ ಕಿಟಕಿಯ ಕಡೆ ಮುಖ ಮಾಡಿಕೊಂಡು, ಯಾರಿಗೂ ಕೇಳಿಸಬಾರದೆಂಬಂತೆ ಮೆಲ್ಲಗೆ ಹೇಳಿತು:

"ಇನ್ನೊಂದು ಕೀ ಇದ್ದಿದ್ರೆ ನಿನಗೇ ಕೊಡ್ತಿದ್ದೆ."

ಅವಳ ಬೆರಳು ಗಂಟಿನ ಮೇಲೆ ನಿಂತಿತು. ಮುಖ ಕಾಣಿಸುತ್ತಿರಲಿಲ್ಲ, ದನಿ ಮಾತ್ರ. ಒಳ್ಳೆಯ ದನಿ. ಕರಡಿಯನ್ನು ತುಂಬಾ ಚೆನ್ನಾಗಿದೆ ಎಂದ ದನಿಯೇ ಇದು? ಅಥವಾ ಗುಂಡಿಗಳ ಡಬ್ಬದಲ್ಲಿ ಕೈಯಾಡಿಸುತ್ತ ಆಡುತ್ತಿದ್ದ ಆ ಹಳೆಯದೇ? ಕಿವಿಯನ್ನೆಲ್ಲ ಆ ದನಿಗೆ ಕೊಟ್ಟರೂ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳಲು ಇದ್ದದ್ದು ಒಂದೇ ದಾರಿ; ಅದು ಆಚೆಯ ಕೋಣೆಯಲ್ಲಿ, ಸೋಫಾದ ಮೇಲೆ, ಅವಳ ಪರ್ಸಿನೊಳಗೆ ಇತ್ತು.

"ಬಿಗಿಯಾಯ್ತೇನೇ?" ಎಂದು ಕೇಳಿದಳು.

"ಇಲ್ಲ, ಸರಿಯಾಗಿದೆ" ಎಂದಿತು ಹುಡುಗಿ.